ಪ್ರಶ್ನೆ ಕೇಳಿದವರು ಎಲ್ಲಿಗೆ ಹೋದರು?

ಸಿಂಧನೂರಿನ ಕಡೆಯವರಿಗೆ ‘ಕ್ಯಾಂಪ್’ ಅನ್ನೋದು ಇಂಗ್ಲಿಷ್ ಪದ ಅಂತ ಯಾವತ್ತೂ ಅನ್ನಿಸಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿದಲ್ಲೆಲ್ಲ ಒಂದೊಂದು ಕ್ಯಾಂಪು ಎದ್ದಿದೆ. ಆಂಧ್ರದಿಂದ ಭತ್ತ ಬೆಳೆಯಲು ಬಂದವರದೊಂದು, ಕಾಲುವೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರದೊಂದು. ಆದರೆ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನು 1960ರ ದಶಕದ ಕೊನೆ, 70ರ ದಶಕದ ಮೊದಲ ವರ್ಷಗಳಲ್ಲಿ ಸರ್ಕಾರವೇ ತಂದು ಇಲ್ಲಿ ಕೂರಿಸಿತು. ಬೇರೆ ಊರುಗಳಿಗೆ ಹನುಮಪ್ಪನ ಹೆಸರೋ, ಹಳ್ಳದ ಹೆಸರೋ ಇರುತ್ತದೆ. ಈ ಊರುಗಳಿಗೆ ನಂಬರ್ ಇದೆ. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು, ಮೂರನೇ ಕ್ಯಾಂಪು. ಐವತ್ತು ವರ್ಷ ಕಳೆದರೂ ಹೆಸರಿನಲ್ಲಿ ಪುನರ್ವಸತಿ ಇನ್ನೂ ಮುಗಿದಿಲ್ಲ.

ನಾನು ಲಿಂಗಸೂಗೂರು ತಾಲ್ಲೂಕಿನವನು. ಮೇಷ್ಟ್ರು ಕೆಲಸದ ಕೊನೆಯ ವರ್ಷದಲ್ಲಿ, 2024ರ ಲೋಕಸಭೆ ಚುನಾವಣೆಗೆ ನನಗೆ ಆ ಕಡೆ ಡ್ಯೂಟಿ ಬಿತ್ತು. ಮೇ 7, ಬಿಸಿಲು ಅಂದರೆ ರಾಯಚೂರಿನ ಬಿಸಿಲು, ಹೇಳೋದೇ ಬೇಡ. ಮಧ್ಯಾಹ್ನ ಬೂತು ಖಾಲಿಯಾದಾಗ ಎಪ್ಪತ್ತರ ಆಸುಪಾಸಿನ ಒಬ್ಬರು ಓಟು ಹಾಕಿ, ಬೆರಳಿನ ಶಾಯಿ ಆರಿಸಿಕೊಳ್ಳುತ್ತ ಹೊರಗಿನ ನೆರಳಲ್ಲಿ ಕೂತರು. ನಾನು ನೀರು ಕುಡಿಯಲು ಎದ್ದು ಹೋದವನು ಮಾತಿಗೆ, “ಯಾವಾಗ ಬಂದ್ರಿ ಕಾಕಾ ಈ ಕಡೆ?” ಅಂದೆ. ಕಾಕಾ ಅನ್ನೋ ಪದ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಅಪ್ಪನ ತಮ್ಮ. ಅಷ್ಟಕ್ಕೇ ಅವರ ಮುಖ ಅರಳಿತು.

“ಹುಡುಗ ಇದ್ದಾಗ ಬಂದೇನ್ರಿ ಸರ. ಖುಲ್ನಾ ಕಡಿಂದ. ನಮ್ಮಪ್ಪ ತಲಿಮ್ಯಾಲ ಒಂದು ಟ್ರಂಕು ಹೊತ್ತಿದ್ದ, ಅದರಾಗ ಭೂಮಿ ಕಾಗದ ಅದಾವು ಅಂತಿದ್ದ. ಇಲ್ಲಿಗೆ ಬಂದು ತೆಗದು ನೋಡಿದ್ರ ಗೆದ್ದಲು ತಿಂದು ಹಿಟ್ಟಾಗಿತ್ತು.”

ಹಾಗೆಯೇ ಸ್ವಲ್ಪ ಹೊತ್ತು ಕೂತು, ಶಾಯಿಯ ಬೆರಳು ಎತ್ತಿ ತೋರಿಸಿ ಅಂದರು: “ಇದನ್ನ ನಾ ಭಾಳ ಸಲ ಹಾಕಸ್ಕೊಂಡೀನ್ರಿ. ಆದ್ರ ಯಾವ ದೇಶ ಬೇಕಪಾ ನಿಂಗ ಅಂತ ನಮ್ಮಪ್ಪಗ ಒಂದು ಸಲಾನೂ ಯಾರೂ ಕೇಳಲಿಲ್ಲ.”

ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ನಿವೃತ್ತಿಯಾದ ಮೇಲೆ ಎರಡು ಮೂರು ಸಲ ಅವರನ್ನು ನೋಡಲು ಹೋಗಿದ್ದೇನೆ. ಪ್ರತಿ ಸಲವೂ ಅದೇ ಪ್ರಶ್ನೆ ಎದ್ದು ನಿಲ್ಲುತ್ತದೆ. ಅವರ ಅಪ್ಪನನ್ನು ಕೇಳಿದ್ದರೆ ಏನಾಗುತ್ತಿತ್ತು? ಕೇಳಿದ ಕಡೆ ಏನಾಯಿತು?

ಕೇಳಿದ ಕಡೆಯೂ ಒಂದಿದೆ. ಅದು ಸಿಲ್ಹೆಟ್.

1947ರಲ್ಲಿ ಸಿಲ್ಹೆಟ್ ಅಸ್ಸಾಮಿನ ಒಂದು ಜಿಲ್ಲೆ. ಬಂಗಾಳಿ ಮಾತಾಡುವ, ಮುಸ್ಲಿಮರು ಹೆಚ್ಚಿರುವ ಜಿಲ್ಲೆ. ಅಸ್ಸಾಮಿನಲ್ಲೇ ಉಳಿದು ಭಾರತಕ್ಕೆ ಬರಬೇಕೋ, ಪೂರ್ವ ಬಂಗಾಳ ಸೇರಿ ಪಾಕಿಸ್ತಾನಕ್ಕೆ ಹೋಗಬೇಕೋ ಅಂತ ಜುಲೈ 6 ಮತ್ತು 7ರಂದು ಜನಮತ ತೆಗೆದುಕೊಂಡರು. ಓದು ಬರಹ ಬಾರದವರಿಗೆ ಚಿಹ್ನೆ ಬೇಕಲ್ಲ? ಭಾರತಕ್ಕೆ ಗುಡಿಸಲು, ಪಾಕಿಸ್ತಾನಕ್ಕೆ ಕೊಡಲಿ. ಪೂರ್ವ ಬಂಗಾಳ ಸೇರೋಣ ಅಂದವರು 2,39,619 ಜನ. ಇಲ್ಲೇ ಇರೋಣ ಅಂದವರು 1,84,041 ಜನ. ಐವತ್ತೈದು ಸಾವಿರ ಚಿಲ್ಲರೆ ಓಟಿನ ಅಂತರದಲ್ಲಿ ಒಂದು ಜಿಲ್ಲೆಯ ದೇಶವೇ ಬದಲಾಯಿತು. ಅಲ್ಲಿನ ಚಹಾ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿಯುತ್ತಿದ್ದ ಕೂಲಿಗಳಿಗೆ ಓಟೇ ಇರಲಿಲ್ಲ, ಅವರು ಹೊರಗಿನವರಂತೆ! ತೋಟ ಕಡಿದು ನೆಟ್ಟವರು ಹೊರಗಿನವರು, ಎಲೆ ಮಾರಿದವರು ಒಳಗಿನವರು.

ಆಮೇಲೆ ಏನಾಯಿತು ನೋಡಿ. ಸಿಲ್ಹೆಟ್ ಹೋದರೆ ಹೋಗಲಿ, ಅಸ್ಸಾಮು ಅಸ್ಸಾಮಿಯರದ್ದಾಗಿ ಉಳಿಯುತ್ತದೆ ಅನ್ನೋ ಮನಸ್ಸು ಅಸ್ಸಾಂ ಕಾಂಗ್ರೆಸ್ಸಿನ ನಾಯಕರಲ್ಲೇ ಇತ್ತು ಅಂತ ಇತಿಹಾಸಕಾರರು ಬರೆದಿದ್ದಾರೆ. ಅತ್ತ ಕೊಡಲಿಗೆ ಓಟು ಕೇಳಿದವರಲ್ಲಿ ಜೋಗೇಂದ್ರನಾಥ ಮಂಡಲ್ ಇದ್ದರು. ಬಾರಿಸಾಲಿನ ನಮಶೂದ್ರ ನಾಯಕ. 1946ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಬಂಗಾಳದಿಂದ ಸಂವಿಧಾನ ಸಭೆಗೆ ಆಯ್ಕೆಯಾಗಲು ಹೆಗಲು ಕೊಟ್ಟವರು. ಮೇಲ್ಜಾತಿ ಜಮೀನ್ದಾರರಿಗಿಂತ ಬಡ ಮುಸ್ಲಿಂ ರೈತನೇ ನಮ್ಮವನು ಅನ್ನೋದು ಅವರ ಲೆಕ್ಕ. ಸುಳ್ಳು ಲೆಕ್ಕವೇನಲ್ಲ, ಇಬ್ಬರ ಹೊಲವೂ ಒಂದೇ ಕೆಸರು. ಆ ಲೆಕ್ಕವನ್ನು ನಂಬಿ ದಲಿತರಿಗೆ ಪಾಕಿಸ್ತಾನದ ಪರ ನಿಲ್ಲಿ ಅಂದರು. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. ಮೂರೇ ವರ್ಷ. 1950ರ ಗಲಭೆಗಳಲ್ಲಿ ತನ್ನ ಜನರ ಮನೆಗಳು ಸುಟ್ಟವು, ಕೇಳುವವರಿರಲಿಲ್ಲ. ಆ ಅಕ್ಟೋಬರಿನಲ್ಲಿ ಪ್ರಧಾನಿ ಲಿಯಾಕತ್ ಅಲಿ ಖಾನರಿಗೆ ಉದ್ದನೆಯ ರಾಜೀನಾಮೆ ಪತ್ರ ಬರೆದು, ಕಲ್ಕತ್ತೆಯಲ್ಲಿ ಉಳಿದುಬಿಟ್ಟರು. 1968ರಲ್ಲಿ ತೀರಿಕೊಂಡರು. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಅವರ ಮಾತು ಕೇಳಿ ಉಳಿದಿದ್ದವರ ಮಕ್ಕಳು ಸಾವಿರಾರು ಕಿಲೋಮೀಟರ್ ದೂರದ ನಮ್ಮ ಎರೆ ನೆಲದಲ್ಲಿ ನಂಬರ್ ಹಾಕಿದ ಊರಿಗೆ ಬಂದಿಳಿಯುತ್ತಿದ್ದರು.

ನಾಯಕ ವಾಪಸ್ ಬರಬಹುದು, ಆದರೆ ಹಿಂದೆ ಹೋದ ಜನ ಅಷ್ಟು ಸುಲಭಕ್ಕೆ ವಾಪಸ್ ಬರಲಾಗುವುದಿಲ್ಲ. ಆದರೂ ಮಂಡಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಮನುಷ್ಯ ಪತ್ರವನ್ನಾದರೂ ಬರೆದ. ನಾನು ನಂಬಿದ್ದು ಹೀಗೆ, ಆದದ್ದು ಹೀಗೆ ಅಂತ ಹೆಸರು, ಊರು ಸಮೇತ ಬರೆದು ಸಹಿ ಹಾಕಿದ. ಅಷ್ಟು ಮಾಡಿದ ಇನ್ನೊಬ್ಬ ನಾಯಕನನ್ನು ನೀವು ತೋರಿಸಿದರೆ ನಿಮಗೆ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಮಂಡಾಳು ಒಗ್ಗರಣಿ, ಮಿರ್ಚಿ ನನ್ನ ಲೆಕ್ಕದಲ್ಲಿ.

ಸಿಲ್ಹೆಟ್ಟಿನವರನ್ನು ಕೇಳಿದರು. ಖುಲ್ನಾದವರನ್ನು ಕೇಳಲೇ ಇಲ್ಲ. ಖುಲ್ನಾದಲ್ಲಿ ಹಿಂದೂಗಳು ಕೂದಲೆಳೆಯಷ್ಟು ಹೆಚ್ಚು. ಹಾಗಾಗಿ ಭಾರತಕ್ಕೇ ಸೇರುತ್ತೇವೆ ಅಂತ 1947ರ ಆಗಸ್ಟ್ ಹದಿನೈದಕ್ಕೆ ತ್ರಿವರ್ಣ ಧ್ವಜ ಹಾರಿಸಿದರು. ಎರಡು ದಿನ ಕಳೆದು ರಾಡ್‌ಕ್ಲಿಫ್ ಎಳೆದ ಗೆರೆ ಪ್ರಕಟವಾಯಿತು, ಖುಲ್ನಾ ಪಾಕಿಸ್ತಾನದಲ್ಲಿತ್ತು. ಅತ್ತ ಮುಸ್ಲಿಮರು ಹೆಚ್ಚಿದ್ದ ಮುರ್ಶಿದಾಬಾದಿನಲ್ಲಿ ಪಾಕಿಸ್ತಾನದ ಬಾವುಟ ಹಾರಿಸಿದವರು ಅದನ್ನು ಇಳಿಸಬೇಕಾಯಿತು. “ನಮ್ಮಪ್ಪ ಹೇಳ್ತಿದ್ದ, ಝಂಡಾ ಏರಿಸಿದವ್ರೇ ರಾತ್ರಿ ಬಂದು ಇಳಿಸಿಕ್ಯಾರ ಹೋದ್ರು ಅಂತ” ಅಂದರು ಕಾಕಾ. ಗೆರೆ ಎಳೆದ ರಾಡ್‌ಕ್ಲಿಫ್ ಸಾಹೇಬ ಆ ಹೊತ್ತಿಗೆ ದೇಶ ಬಿಡುವ ತಯಾರಿಯಲ್ಲಿದ್ದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ನಮ್ಮ ಹೈದರಾಬಾದ್ ಕರ್ನಾಟಕದವರಿಗೆ ಇದು ಗೊತ್ತಾಗದ ಕಥೆಯೇನಲ್ಲ. ನಿಜಾಮನ ಸಂಸ್ಥಾನ ಎತ್ತ ಹೋಗಬೇಕು ಅಂತ ಜನಮತ ತೆಗೆದುಕೊಳ್ಳುವ ಮಾತು 1948ರಲ್ಲಿ ಎದ್ದಿತ್ತು. ಅದು ಮಾತಾಗಿಯೇ ಮುಗಿಯಿತು. ರಜಾಕಾರರ ಕಾಟಕ್ಕೆ ನಮ್ಮ ಕಡೆಯ ಎಷ್ಟೋ ಮನೆಯವರು ಗಡಿ ದಾಟಿದರು. ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಹೋರಾಟದ ಶಿಬಿರಗಳು ನಡೆದವು. ಶಿಬಿರ ಅಂದರೂ ಕ್ಯಾಂಪೇ. ಸೆಪ್ಟೆಂಬರ್ 17 ಬಂತು, ನಮ್ಮವರು ಬುತ್ತಿ ಗಂಟು ಕಟ್ಟಿಕೊಂಡು ಮನೆಗೆ ಮರಳಿದರು. ಕಾಕಾನ ಮನೆಯವರಿಗೆ ಅಂಥ ಒಂದು ಸೆಪ್ಟೆಂಬರ್ ಬರಲೇ ಇಲ್ಲ. ಅವರಿಗೂ ನಮಗೂ ಇರುವ ವ್ಯತ್ಯಾಸ ಅಷ್ಟೇ. ಅದು ನಮ್ಮ ಪುಣ್ಯವೂ ಅಲ್ಲ, ಅವರ ಪಾಪವೂ ಅಲ್ಲ.

ಈಗ ಒಂದು ದೊಡ್ಡ ಜಿಗಿತ, ಸೀದಾ ಇಂಗ್ಲೆಂಡಿಗೆ. ಯಾಕೆ ಅಂದರೆ, ಗೆರೆ ಎಳೆಯೋದರಲ್ಲಿ ಜಗತ್ತಿಗೇ ಮೇಷ್ಟ್ರಾಗಿದ್ದವರು 2016ರಲ್ಲಿ ತಮ್ಮ ಮನೆಯೊಳಗೇ ಒಂದು ಗೆರೆ ಎಳೆದುಕೊಂಡರು.

ಐರೋಪ್ಯ ಒಕ್ಕೂಟದಲ್ಲಿ ಇರೋದೋ, ಬಿಡೋದೋ? ಜೂನ್ 23ಕ್ಕೆ ಓಟು. ಬಿಡೋಣ ಅಂದವರು ನೂರಕ್ಕೆ 51.9, ಇರೋಣ ಅಂದವರು 48.1. ನನ್ನ ಷಡ್ಡಕನ ಮಗ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನಿಗೆ ಅಲ್ಲಿನ ಪೌರತ್ವ ಇರಲಿಲ್ಲ, ಆದರೂ ಕಾಮನ್‌ವೆಲ್ತ್ ದೇಶದವನು ಅಂತ ಓಟಿತ್ತು. ಅವನ ಪಕ್ಕದ ಮೇಜಿನ ಪೋಲೆಂಡಿನ ಹುಡುಗಿಗೆ ಓಟಿರಲಿಲ್ಲ. ಪ್ರಶ್ನೆ ಆ ಹುಡುಗಿಯ ಬದುಕಿನದ್ದು, ಉತ್ತರ ಕೊಟ್ಟಿದ್ದು ನಮ್ಮ ಹುಡುಗ! ಸಿಲ್ಹೆಟ್ಟಿನ ಚಹಾ ತೋಟದ ಕೂಲಿ ನೆನಪಾಗಲಿಲ್ಲವೇ?

ಪ್ರಶ್ನೆ ಕೇಳಿದ ಪ್ರಧಾನಿ ಡೇವಿಡ್ ಕ್ಯಾಮರೂನ್ ಮರುದಿನ ಬೆಳಿಗ್ಗೆಯೇ ರಾಜೀನಾಮೆ ಘೋಷಿಸಿದರು. ಸೆಪ್ಟೆಂಬರಿನಲ್ಲಿ ಸಂಸತ್ತನ್ನೂ ಬಿಟ್ಟು ಹೊರಟರು. ಬಿಡೋಣ ಅಂತ ಬಸ್ಸಿನ ಮೈಮೇಲೆ ಬರೆಸಿಕೊಂಡು ಊರೂರು ತಿರುಗಿದ ಬೋರಿಸ್ ಜಾನ್ಸನ್ ಒಂದೇ ವಾರದಲ್ಲಿ ನಾಯಕತ್ವದ ಓಟದಿಂದ ಹಿಂದೆ ಸರಿದರು. ಇನ್ನೊಬ್ಬ ನೈಜೆಲ್ ಫರಾಜ್, ಇಪ್ಪತ್ತು ವರ್ಷ ಇದೊಂದನ್ನೇ ಕೇಳಿಕೊಂಡು ಬಂದವರು, ಜುಲೈ 4ಕ್ಕೆ ಪಕ್ಷದ ಅಧ್ಯಕ್ಷಗಿರಿ ಬಿಟ್ಟರು. ಮದುವೆ ಮಾಡಿಸಿ, ಅಕ್ಷತೆ ಹಾಕಿಸಿ, ಊಟದ ಹೊತ್ತಿಗೆ ಪುರೋಹಿತರು, ಬೀಗರು, ಪೆಂಡಾಲ್‌ನವ ಎಲ್ಲರೂ ಮಾಯ. ಪಾತ್ರೆ ತೊಳೆಯಲು ಉಳಿದವರು ಜನ.

ಜನರಿಗೆ ಸಿಟ್ಟು ಬಂತು. ಬರಲೇಬೇಕು. ಬಿಡೋಣ ಅಂದವರಿಗೆ, ಬಿಡೋದು ಹೇಗೆ ಅಂತ ಯಾರೂ ಬರೆದೇ ಇಟ್ಟಿಲ್ಲವಲ್ಲ ಅಂತ ಸಿಟ್ಟು. ಇರೋಣ ಅಂದವರಿಗೆ, ಇಷ್ಟು ದೊಡ್ಡ ವಿಷಯವನ್ನು ಒಂದು ಗೀಟಿನಲ್ಲಿ ಮುಗಿಸಿದರಲ್ಲ ಅಂತ ಸಿಟ್ಟು. ಆದರೆ ಆ ಸಿಟ್ಟು ಹೋಗಿ ಬಿದ್ದದ್ದು ಎಲ್ಲಿ? ಮೂರೇ ದಿನಕ್ಕೆ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿರುವ ಪೋಲಿಷ್ ಸಾಂಸ್ಕೃತಿಕ ಕೇಂದ್ರದ ಬಾಗಿಲ ಮೇಲೆ ಬೈಗುಳ ಬಳಿದಿದ್ದರು. ಕ್ಯಾಮರೂನರ ಮನೆ ಬಾಗಿಲಿಗೆ ಯಾರೂ ಬಣ್ಣ ಬಳಿದ ಸುದ್ದಿ ನಾನು ಓದಿಲ್ಲ.

ನಾನು ಹೇಳಬೇಕೆಂದಿರುವುದು ಇದೊಂದೇ. ದೇಶವನ್ನು ಎರಡು ಹೋಳು ಮಾಡುವ ಪ್ರಶ್ನೆ ಕೇಳಿದ ನಾಯಕ, ಉತ್ತರ ಬಂದ ಕ್ಷಣ ಜಾಗ ಖಾಲಿ ಮಾಡುತ್ತಾನೆ. ಮೇಲಕ್ಕೆ ಹೋಗಬೇಕಾದ ಜನರ ಸಿಟ್ಟಿಗೆ ಅಲ್ಲಿ ಯಾರೂ ಸಿಗೋದಿಲ್ಲ. ಅದು ಪಕ್ಕಕ್ಕೆ ತಿರುಗುತ್ತದೆ. ಪಕ್ಕದ ಮನೆಯವನು ಮಾತ್ರ ಎಲ್ಲಿಗೂ ಓಡಿ ಹೋಗಿರೋದಿಲ್ಲ. ಅವನು ಕೈಗೆ ಸಿಗುತ್ತಾನೆ.

ಕಾಕಾ ಊರು ಬಿಡಲು ಕಾರಣವಾದದ್ದೂ ಇಂಥದ್ದೇ ಸಿಟ್ಟು. 1963ರ ಡಿಸೆಂಬರ್ 27ರಂದು ಕಾಶ್ಮೀರದ ಹಜರತ್‌ಬಲ್ ದರ್ಗಾದಿಂದ ಪವಿತ್ರ ಕೂದಲು ಕಾಣೆಯಾಯಿತು. ಒಂದು ವಾರದಲ್ಲಿ ಅದು ಸಿಕ್ಕಿತು ಕೂಡ. ಅಷ್ಟರಲ್ಲಿ ಅಲ್ಲೆಲ್ಲೋ ದೂರದ ಖುಲ್ನಾದಲ್ಲಿ ಹಿಂದೂಗಳ ಮನೆ ಸುಡುತ್ತಿದ್ದವು. ಅದಕ್ಕೆ ಉತ್ತರ ಅಂತ ಕಲ್ಕತ್ತೆಯಲ್ಲಿ ಮುಸ್ಲಿಮರ ಮನೆ ಸುಟ್ಟವು. ಖುಲ್ನಾದ ಮೀನುಗಾರನಿಗೆ ಶ್ರೀನಗರ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಕ್ಕಿಲ್ಲ. “ನಮಗ ಬೆಂಕಿ ಹಚ್ಚಿದವರೂ ಪಕ್ಕದೂರವ್ರು, ದೋಣ್ಯಾಗ ಕೂಡ್ಸಿ ದಾಟಿಸಿದವನೂ ಪಕ್ಕದೂರಾವ. ಇಬ್ರೂ ಮುಸಲ್ಮಾನ್ರೇ. ಯಾರನ್ನ ಬೈಲಿ ಹೇಳ್ರಿ?” ಕಾಕಾನ ಈ ಪ್ರಶ್ನೆಗೆ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಉತ್ತರವಿಲ್ಲ.

ಹಾಗಾದರೆ ಜನರನ್ನು ಕೇಳೋದೇ ತಪ್ಪೇ? ಅಲ್ಲ. ನಮ್ಮ ಪಕ್ಕದ ಗೋವಾ ನೋಡಿ. 1967ರ ಜನವರಿ 16ರಂದು ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೇ, ಕೇಂದ್ರಾಡಳಿತವಾಗಿಯೇ ಉಳಿಯಬೇಕೇ ಅಂತ ಕೇಳಿದರು. ಹೂವು ಅಂದರೆ ವಿಲೀನ, ಎರಡೆಲೆ ಅಂದರೆ ಬೇಡ. 1,72,191 ಎರಡೆಲೆ, 1,38,170 ಹೂವು. ಅಲ್ಲೂ ಮನೆ ಮನೆ ಒಡೆದಿತ್ತು, ಭಾಷೆಯ ಹೆಸರಲ್ಲಿ, ಧರ್ಮದ ಹೆಸರಲ್ಲಿ. ಆದರೆ ಒಂದು ವ್ಯತ್ಯಾಸವಿತ್ತು. ವಿಲೀನ ಬೇಕು ಅಂತಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರರ ಸರ್ಕಾರ ಓಟಿಗೆ ಮೊದಲೇ ರಾಜೀನಾಮೆ ಕೊಟ್ಟಿತು, ಕುರ್ಚಿಯ ಬಲದಿಂದ ಓಟು ತಿರುಗಿಸಿದರು ಅಂತ ಯಾರೂ ಅನ್ನದಿರಲಿ ಅಂತ. ಜನ ಅವರ ವಿರುದ್ಧ ಉತ್ತರ ಕೊಟ್ಟರು. ಬಾಂದೋಡಕರ್ ಊರು ಬಿಟ್ಟು ಹೋಗಲಿಲ್ಲ. ಮತ್ತೆ ಚುನಾವಣೆಗೆ ನಿಂತರು. ಅದೇ ಜನ ಕೆಲವೇ ವಾರಗಳಲ್ಲಿ ಅವರನ್ನೇ ಆರಿಸಿದರು. ತಾನು ಬೇಡ ಅಂದಿದ್ದ ಗೋವಾವನ್ನೇ ಅವರು ಸಾಯುವ ತನಕ ಆಳಿದರು. ಸೋತ ಪ್ರಶ್ನೆಯ ಜೊತೆ ಬದುಕುವ ನಾಯಕ ಇದ್ದರೆ, ಸೋತ ಜನಕ್ಕೂ ಬದುಕಲು ಜಾಗ ಉಳಿಯುತ್ತದೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ದೇಶದ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುವ ಜನಮತ ಭಾರತದಲ್ಲಿ ನಡೆದಿಲ್ಲ. ಹಾಗಂತ ಸಮಾಧಾನ ಪಡಬೇಡಿ. ಪ್ರತಿ ಚುನಾವಣೆಯನ್ನೂ ಹೌದು-ಇಲ್ಲ ಮಾಡೋದರಲ್ಲಿ ನಮ್ಮವರು ಇಂಗ್ಲೆಂಡಿನವರನ್ನು ಮೀರಿಸಿದ್ದಾರೆ. ಪೌರತ್ವ ತಿದ್ದುಪಡಿ ಕಾಯ್ದೆ ಅದರ ಪಕ್ಕಾ ಉದಾಹರಣೆ. 2019ರ ಡಿಸೆಂಬರಿನಲ್ಲಿ ಅದು ಸಂಸತ್ತಿನಲ್ಲಿ ಪಾಸಾದ ದಿನದಿಂದ ಇಡೀ ದೇಶಕ್ಕೆ ಒಂದೇ ಪ್ರಶ್ನೆ: ನೀನು ಪರವೋ, ವಿರೋಧವೋ? ಆ ಕಡೆ ನಿಂತರೆ ಕೋಮುವಾದಿ, ಈ ಕಡೆ ನಿಂತರೆ ದೇಶದ್ರೋಹಿ. ಮಂಗಳೂರಿನಲ್ಲಿ ಡಿಸೆಂಬರ್ 19ರಂದು ಪೊಲೀಸರ ಗುಂಡಿಗೆ ಇಬ್ಬರು ಸತ್ತರು.

ಆ ಗದ್ದಲದಲ್ಲಿ ಆರ್.ಎಚ್. ಕ್ಯಾಂಪಿನವರ ಫೋಟೋ ಒಂದು ಪಕ್ಷಕ್ಕೆ ಬೇಕಿತ್ತು. ಇನ್ನೊಂದು ಪಕ್ಷಕ್ಕೆ ಈ ಜನ ಇಲ್ಲವೇ ಇಲ್ಲ ಅಂತ ನಟಿಸೋದು ಬೇಕಿತ್ತು. ಕಾಯ್ದೆಯಿಂದ ಮುಸ್ಲಿಮರನ್ನು ಹೊರಗಿಟ್ಟದ್ದು ಅನ್ಯಾಯ ಅಂತ ನಾನು ಅವತ್ತೂ ಅಂದಿದ್ದೆ, ಇವತ್ತೂ ಅನ್ನುತ್ತೇನೆ. ಪೌರತ್ವಕ್ಕೆ ಧರ್ಮದ ಗೆರೆ ಎಳೆಯೋದು ಅಂದರೆ ರಾಡ್‌ಕ್ಲಿಫ್ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡ ಹಾಗೆ. ಆದರೆ ಅಷ್ಟು ಅಂದು ಎದ್ದುಹೋದರೆ ನನ್ನ ಮಾತೂ ಅರ್ಧ ಸುಳ್ಳೇ. ಯಾಕೆ ಅಂದರೆ ಕಾಕಾನ ಅಳಿಯನಿಗೆ ಇವತ್ತಿಗೂ ಓಟಿಲ್ಲ. ತಡವಾಗಿ ಬಂದವನು. ಮೊದಲು ಬಂದವರನ್ನು ಸರ್ಕಾರ ಕರೆತಂದು ಜಮೀನು ಕೊಟ್ಟಿತು, ಹಿಂದಿನಿಂದ ಬಂದ ಅದೇ ಮನೆಯವರನ್ನು 2003ರಲ್ಲಿ ಪಾಸಾದ ತಿದ್ದುಪಡಿ ಅಕ್ರಮ ವಲಸಿಗ ಅಂದಿತು. ಆಗ ಆಳುತ್ತಿದ್ದದ್ದು ವಾಜಪೇಯಿ ಸರ್ಕಾರ. ಈ ನಿರಾಶ್ರಿತರ ವಿಷಯದಲ್ಲಿ ಉದಾರವಾಗಿರಿ ಅಂತ ರಾಜ್ಯಸಭೆಯಲ್ಲಿ ಎದ್ದು ನಿಂತು ಹೇಳಿದ ವಿರೋಧ ಪಕ್ಷದ ನಾಯಕರ ಹೆಸರು ಮನಮೋಹನ್ ಸಿಂಗ್. ಆಮೇಲೆ ಹತ್ತು ವರ್ಷ ಅವರೇ ಪ್ರಧಾನಿ. ಆ ಉದಾರತೆ ಕಾನೂನಾಗಲಿಲ್ಲ.

ಸರಿ, ಕಾಯ್ದೆ ತಂದವರಾದರೂ ಓಡಿಬಂದು ಅರ್ಜಿ ತೆಗೆದುಕೊಂಡರೇ? 2019ರ ಡಿಸೆಂಬರಿನಲ್ಲಿ ಕಾಯ್ದೆ. ನಿಯಮ ಹೊರಬಂದದ್ದು 2024ರ ಮಾರ್ಚ್ 11ಕ್ಕೆ. ನಾಲ್ಕು ವರ್ಷ, ಮೂರು ತಿಂಗಳು. ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಐದೇ ದಿನಕ್ಕೆ. ನಿಯಮ ಬರೆಯಲು ನಾಲ್ಕು ವರ್ಷ ಬೇಕಾದವರಿಗೆ ಆ ಐದು ದಿನದ ಲೆಕ್ಕ ಮಾತ್ರ ಎಷ್ಟು ಚೆನ್ನಾಗಿ ಸಿಕ್ಕಿತು ನೋಡಿ. 2021ರ ಮಾರ್ಚಿನಲ್ಲಿ ಪಶ್ಚಿಮ ಬಂಗಾಳದ ಚುನಾವಣೆ ನಡೆಯುತ್ತಿದ್ದಾಗ ಪ್ರಧಾನಿ ನರೇಂದ್ರ ಮೋದಿ ಬಾಂಗ್ಲಾದೇಶದ ಓಡಾಕಾಂದಿಗೆ ಹೋಗಿ, ನಮಶೂದ್ರರ ಗುರು ಹರಿಚಾಂದ್ ಠಾಕೂರರ ಮಂದಿರಕ್ಕೆ ಕೈಮುಗಿದು ಬಂದರು. ಓಡಾಕಾಂದಿಯ ದಾರಿ ಗೊತ್ತಿರುವವರಿಗೆ ಸಿಂಧನೂರಿನ ದಾರಿ ಗೊತ್ತಾಗೋದು ಕಷ್ಟವೇನಲ್ಲ.

ಅರ್ಜಿಯ ಕಥೆ ಕೇಳಿ. ಈ ಕಾಯ್ದೆಯಲ್ಲಿ ಪೌರತ್ವ ಬೇಕು ಅಂದರೆ ಮೊದಲು ನೀನು ಈ ದೇಶದವನಲ್ಲ ಅಂತ ನೀನೇ ಬರೆದುಕೊಡಬೇಕು. ಯಾವತ್ತು ದಾಟಿ ಬಂದೆ ಹೇಳಬೇಕು. ಬಿಟ್ಟು ಬಂದ ದೇಶದ್ದು ಅನ್ನೋದಕ್ಕೆ ಒಂದು ಕಾಗದ ತೋರಿಸಬೇಕು. ಮನೆಗೆ ಬೆಂಕಿ ಬಿದ್ದಾಗ ಜನ ಮಗು ಎತ್ತಿಕೊಳ್ಳುತ್ತಾರೆ, ಕಾಗದ ಎತ್ತಿಕೊಳ್ಳುವುದಿಲ್ಲ. ಎತ್ತಿಕೊಂಡವರ ಕಾಗದ ಗೆದ್ದಲಿಗೆ ಹೋಗಿದೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ಕ್ಕೆ ಪೌರರ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದದ್ದು ಇವರೂ ಟೀವಿಯಲ್ಲಿ ನೋಡಿದ್ದಾರೆ. ಹಾಗಾಗಿ ನಾನು ಬಾಂಗ್ಲಾದವನು ಅಂತ ಸಹಿ ಹಾಕಲು ಕೈ ನಡುಗುತ್ತದೆ. “ಅರ್ಜಿ ಪಾಸಾದ್ರ ಛಲೋ. ಪಾಸಾಗದಿದ್ರ? ನಾವs ಬರದು ಕೊಟ್ಟಂಗಾತಲ್ರಿ ಸರ, ನಾ ಹೊರಗಿನಾವ ಅಂತ” ಅಂದ ಆ ಅಳಿಯ. 2024ರ ಆಗಸ್ಟಿನಲ್ಲಿ ಇಲ್ಲಿನ ಐದು ಜನಕ್ಕೆ ಪ್ರಮಾಣಪತ್ರ ಬಂತು ಅಂತ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಬಂದವರಿಗೆ ಒಳ್ಳೆಯದಾಗಲಿ. ಆದರೆ ಸಾವಿರಾರು ಜನರ ಊರುಗಳ ನಡುವೆ ನಿಂತು ಐದು ಅಂತ ಎಣಿಸುವಾಗ ಹಬ್ಬ ಮಾಡಬೇಕೋ, ಅಳಬೇಕೋ ತಿಳಿಯೋದಿಲ್ಲ. ಅದೇ ಆಗಸ್ಟ್ 5ಕ್ಕೆ ಢಾಕಾದಲ್ಲಿ ಶೇಖ್ ಹಸೀನಾ ದೇಶ ಬಿಟ್ಟು ಓಡಿದ್ದರು. ಕಾಕಾ ಮೊಬೈಲಿನಲ್ಲಿ ಅದನ್ನು ನೋಡುತ್ತ, “ನಾಯಕರಿಗೆ ಹೆಲಿಕಾಪ್ಟರ್ ಸಿಗತೈತ್ರಿ. ನಮಗ ಟ್ರಂಕು” ಅಂದರು.

ಇನ್ನು ರಾಜ್ಯದವರು. ಪಶ್ಚಿಮ ಬಂಗಾಳದಲ್ಲಿ ನಮಶೂದ್ರರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ. ಹೀಗಾಗಿ ಕ್ಯಾಂಪಿನ ಹುಡುಗ ಅತ್ತ ದಲಿತನಾಗಿ ಹುಟ್ಟಿ, ಇತ್ತ ಅರ್ಜಿಯಲ್ಲಿ ಸಾಮಾನ್ಯ ವರ್ಗದವನಾಗಿ ಸೀಟಿಗೆ ಪೈಪೋಟಿ ಮಾಡುತ್ತಾನೆ. ಇದಕ್ಕೆ ಧರ್ಮದ ಜಗಳ ಬೇಕಿಲ್ಲ, ಗಡಿಯ ಜಗಳ ಬೇಕಿಲ್ಲ. ಬೆಂಗಳೂರಿನಿಂದ ದೆಹಲಿಗೆ ಶಿಫಾರಸು, ಹಿಂದೆ ಬಿದ್ದು ಕೇಳುವ ಒಬ್ಬ ಸಂಸದ ಸಾಕು. ಯಾವ ಪಕ್ಷ ಬಂದರೂ ಈ ಭರವಸೆ ಕೊಡುತ್ತದೆ. ಮತ್ತೆ ಓಟಿನ ಹೊತ್ತಿಗೆ ಅದೇ ಭರವಸೆಯನ್ನು ಹೊಸ ಪೊಟ್ಟಣದಲ್ಲಿ ಕಟ್ಟಿಕೊಂಡು ಬರುತ್ತದೆ.

ಹೌದು-ಇಲ್ಲ ಅನ್ನುವ ಪ್ರಶ್ನೆಯ ಮೋಸ ಇರೋದೇ ಇಲ್ಲಿ. ಪರವೋ, ವಿರೋಧವೋ ಅಂತ ಕೂಗುವುದಕ್ಕೆ ಒಂದು ಗಂಟಲು ಸಾಕು. ಆ ಟ್ರಂಕಿನ ಕಾಗದಕ್ಕೆ ಬದಲಿ ಏನು, ಈ ಹುಡುಗನ ಜಾತಿ ಪ್ರಮಾಣಪತ್ರ ಎಲ್ಲಿ, ಅರ್ಜಿ ತಿರಸ್ಕಾರವಾದವನ ಗತಿ ಏನು, ಹೊರಗಿಟ್ಟ ಮುಸ್ಲಿಂ ನಿರಾಶ್ರಿತನಿಗೆ ಏನು ಹೇಳುತ್ತೀರಿ ಅಂತ ಉತ್ತರಿಸಲು ವರ್ಷಗಟ್ಟಲೆ ಕೂತು ಕೆಲಸ ಮಾಡಬೇಕು. ಕೂಗುವವರಿಗೆ ಕೂತು ಕೆಲಸ ಮಾಡುವ ಅಭ್ಯಾಸ ತಪ್ಪಿಹೋಗಿದೆ.

ಹಾಗಾಗಿ ನನ್ನದೊಂದು ಬೇಡಿಕೆ. ಮೇಷ್ಟ್ರ ಬೇಡಿಕೆ ಅಂತ ನಗಬೇಡಿ. ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬರೆಯುವವನು ಉತ್ತರವನ್ನೂ ಬರೆದು ಲಕೋಟೆಯಲ್ಲಿ ಮುಚ್ಚಿಡಬೇಕು, ಅದು ನಮ್ಮ ಶಾಲೆಗಳ ನಿಯಮ. ದೇಶವನ್ನು ಎರಡಾಗಿಸುವ ಪ್ರಶ್ನೆ ಕೇಳುವವನೂ ಹಾಗೆ ಮೊದಲೇ ಬರೆದಿಡಲಿ. ಹೌದು ಅಂತ ಬಂದರೆ ಇಲ್ಲ ಅಂದವರಿಗೆ ನಾನು ಏನು ಮಾಡುತ್ತೇನೆ, ಇಲ್ಲ ಅಂತ ಬಂದರೆ ಹೌದು ಅಂದವರಿಗೆ ಏನು ಮಾಡುತ್ತೇನೆ, ಎಷ್ಟು ದಿನದಲ್ಲಿ, ಯಾವ ಕಚೇರಿಯಲ್ಲಿ. ಬರೆದಿಡಲು ಆಗದವನು ಪ್ರಶ್ನೆಯನ್ನೂ ಕೇಳಬಾರದು. ಕೇಳಿದ ಮೇಲೆ ಎದ್ದು ಹೋಗಬಾರದು. ನಾವೂ ಅಷ್ಟೇ, ನೀನು ಯಾವ ಕಡೆ ಅಂತ ಪಕ್ಕದ ಮನೆಯವನನ್ನು ಕೇಳುವ ಮೊದಲು, ಈ ಪ್ರಶ್ನೆ ತಂದವನು ಎಲ್ಲಿದ್ದಾನೆ ಅಂತ ಒಮ್ಮೆ ತಿರುಗಿ ನೋಡೋಣ.

ಮೊನ್ನೆ ದುರ್ಗಾಪೂಜೆಗೆ ಕಾಕಾ ಕರೆದಿದ್ದರು, ಹೋಗಿದ್ದೆ. ಪೆಂಡಾಲಿನ ಪಕ್ಕದಲ್ಲಿ ಹುಡುಗರು ಮಂಡಾಳು ತಿನ್ನುತ್ತ ಕೂತಿದ್ದರು, ಅವರು ಮುಡಿ ಅಂತಾರೆ. ಅವರವರ ನಡುವೆ ಬಂಗಾಳಿ, ನನ್ನ ಕಡೆ ತಿರುಗಿದರೆ ನಮ್ಮ ರಾಯಚೂರಿನ ಖಡಕ್ ಕನ್ನಡ. ಕಾಕಾನ ಮೊಮ್ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಪುಸ್ತಕ ತಂದು ಒಂದು ಸಮಾಸ ಬಿಡಿಸಿ ಕೊಡ್ರಿ ಸರ ಅಂದಳು. ಬಿಡಿಸಿಕೊಟ್ಟೆ. ಆಮೇಲೆ ಶಾಲೆಯ ಯಾವುದೋ ಫಾರ್ಮು ತಂದಳು. ಹೆಸರು ತುಂಬಿದ್ದಳು, ಊರು ತುಂಬಿದ್ದಳು. ಜಾತಿ ಅನ್ನೋ ಕಡೆ ಖಾಲಿ. ತಂದೆಯ ರಾಷ್ಟ್ರೀಯತೆ ಅನ್ನೋ ಕಡೆ ಪೆನ್ನು ನಿಂತಿತ್ತು.

“ಇಲ್ಲಿ ಏನ್ ಬರೀಲ್ರಿ ಸರ?”

ಭಾರತೀಯ ಅಂತ ಬರಿ ಅಂದೆ. ಬರೆದಳು. ಬರೆದು, ಅಳಿಸಬಹುದೇನೋ ಅಂತ ಪೆನ್ಸಿಲ್ಲಿನಲ್ಲೇ ಬರೆದಿದ್ದಳು.